ಓದಲು ಒಂದು ಮಾತ್ರೆ: ಅದು ನಿಮ್ಮೊಬ್ಬರ ಆಯ್ಕೆಯಾಗಿ ಉಳಿಯುವುದಿಲ್ಲ

(ಮಂಡ್ಯದಲ್ಲಿ ಪಿಯು ವಿದ್ಯಾರ್ಥಿಗಳು, ಅವರ ತಂದೆತಾಯಿಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ನಾನು ಮೈಸೂರಿನಲ್ಲಿ ಔಷಧಶಾಸ್ತ್ರ ಪಾಠ ಮಾಡುವವಳು. ಯಾವ ಮಾತ್ರೆ ಹೊಟ್ಟೆಗೆ ಹೋಗಿ ಏನು ಕೆಲಸ ಮಾಡುತ್ತದೆ ಎಂದು ಮೆಡಿಕಲ್ ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ನನ್ನ ಕೆಲಸ. ಇವತ್ತು ಮಾತಾಡಬೇಕಾಗಿರುವುದು ಕಾಯಿಲೆ ಇಲ್ಲದವರು ನುಂಗುವ ಮಾತ್ರೆಗಳ ಬಗ್ಗೆ. ನಿದ್ದೆ ಬರದಿರಲಿ, ಗಮನ ಅತ್ತಿತ್ತ ಹೋಗದಿರಲಿ, ಇನ್ನೆರಡು ಚಾಪ್ಟರ್ ಮುಗಿಯಲಿ ಎಂದು ಪರೀಕ್ಷೆಗೆ ಮುಂಚೆ ನುಂಗುವ ಮಾತ್ರೆಗಳು. ಹಿಂದೆ ಕೂತಿರುವ ಕೆಲವರಿಗೆ ಹೆಸರು ಗೊತ್ತಿರಬಹುದು. ಗೊತ್ತಿಲ್ಲದವರಿಗೆ ಆಸೆ ಹುಟ್ಟಿಸಲು ನಾನು ಬಂದಿಲ್ಲ. ಆದರೆ ಹೆಸರು ಮುಚ್ಚಿಟ್ಟು ಇದನ್ನು ಮಾತಾಡಲು ಆಗುವುದಿಲ್ಲ.

ಮುಖ್ಯವಾಗಿ ಎರಡು ಔಷಧಿಗಳು. ಒಂದು ಮೀಥೈಲ್‌ಫೆನಿಡೇಟ್. ಇನ್ನೊಂದು ಮೊಡಾಫಿನಿಲ್.

ಮೀಥೈಲ್‌ಫೆನಿಡೇಟ್ ಅನ್ನು 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪನಿಝೋನ್ ಎಂಬ ರಸಾಯನ ವಿಜ್ಞಾನಿ ತಯಾರಿಸಿದರು. ಅವರ ಹೆಂಡತಿಯ ಹೆಸರು ಮಾರ್ಗರೀಟ್, ಮನೆಯಲ್ಲಿ ರೀಟಾ. ಟೆನಿಸ್ ಆಡುವ ಮೊದಲು ಆಕೆ ಇದನ್ನು ತೆಗೆದುಕೊಳ್ಳುತ್ತಿದ್ದರಂತೆ. ಔಷಧಿಗೆ ರಿಟಾಲಿನ್ ಎಂಬ ಹೆಸರು ಬಂದದ್ದು ಅಲ್ಲಿಂದ. ಅದಕ್ಕೂ ಮೊದಲು, 1937ರಲ್ಲಿ, ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ತಮ್ಮ ಆಸ್ಪತ್ರೆಯ ಮಕ್ಕಳಿಗೆ ತಲೆನೋವಿಗೆಂದು ಬೆಂಝೆಡ್ರಿನ್ ಕೊಟ್ಟಿದ್ದರು. ಅದು ಆಂಫೆಟಮಿನ್ ಜಾತಿಯ, ಅಂದರೆ ಮೆದುಳನ್ನು ಚುರುಕುಗೊಳಿಸಿ ಎಚ್ಚರವಾಗಿಡುವ ಔಷಧಿ. ತಲೆನೋವಿನ ಕಥೆ ಏನಾಯಿತೋ, ಕೂತಲ್ಲಿ ಕೂರದ ಮಕ್ಕಳು ಕೂತು ಲೆಕ್ಕ ಮಾಡತೊಡಗಿದರು. ಮಕ್ಕಳೇ ಅದಕ್ಕೆ ಲೆಕ್ಕದ ಮಾತ್ರೆ ಎಂದು ಹೆಸರಿಟ್ಟರು. ಇವತ್ತು ಎಡಿಎಚ್‌ಡಿ ಎಂದು ಕರೆಯುವ ಗಮನದ ತೊಂದರೆಗೆ ಇಂಥ ಔಷಧಿ ಕೊಡುವ ದಾರಿ ಶುರುವಾದದ್ದು ಹೀಗೆ.

ಮೊಡಾಫಿನಿಲ್ ಫ್ರಾನ್ಸಿನದು. ಹಗಲು ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ನಿದ್ದೆಗೆ ಜಾರುವ ನಾರ್ಕೊಲೆಪ್ಸಿ ಎಂಬ ಕಾಯಿಲೆಗೆ ಕೊಡುವ ಮಾತ್ರೆ. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ದೇಶದಲ್ಲೂ ತಯಾರಾಗುತ್ತದೆ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಎರಡನ್ನೂ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಮೀಥೈಲ್‌ಫೆನಿಡೇಟ್ ಅಂತೂ ಷೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿದೆ. ಚೀಟಿಯ ಎರಡು ಪ್ರತಿ ಬೇಕು, ಒಂದನ್ನು ಮೆಡಿಕಲ್ ಸ್ಟೋರಿನವರು ಎರಡು ವರ್ಷ ಇಟ್ಟುಕೊಳ್ಳಬೇಕು. 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲೂ ಅದರ ಹೆಸರಿದೆ. ಅಂದರೆ ಹಾಸ್ಟೆಲಿನಲ್ಲಿ ಸ್ನೇಹಿತನಿಗೆ ಸುಮ್ನೆ ಒಂದು ಮಾತ್ರೆ ದಾಟಿಸಿದರೂ ಅದು ಚಿಕ್ಕ ವಿಷಯವಲ್ಲ.

ಈಗ ನೀವು ನಿಜವಾಗಿ ಕೇಳಬೇಕೆಂದಿರುವ ಪ್ರಶ್ನೆಗೆ ಬರೋಣ. ಇದು ಕೆಲಸ ಮಾಡುತ್ತದಾ?

ಮೈಸೂರಿನ ಪಿಜಿಯೊಂದರಲ್ಲಿದ್ದ ಹುಡುಗನೊಬ್ಬ ನನ್ನನ್ನು ನೋಡಲು ಬಂದಿದ್ದ. ನೀಟ್ ರಿಪೀಟರ್. ಸೀನಿಯರ್ ಒಬ್ಬ ಕೊಟ್ಟ ಮೊಡಾಫಿನಿಲ್ ತೆಗೆದುಕೊಳ್ಳುತ್ತಿದ್ದ. ಎದೆ ಹೊಡೆದುಕೊಳ್ಳುತ್ತದೆ ಎಂದು ಹೆದರಿ ಬಂದಿದ್ದ. ‘ರಾತ್ರಿ ಹತ್ತಕ್ಕೆ ಕೂತೆ ಮೇಡಂ, ಬೆಳಗಾಗಿದ್ದೇ ಗೊತ್ತಾಗಲಿಲ್ಲ, ಅಷ್ಟು ಚೆನ್ನಾಗಿ ಓದಿದೆ’ ಎಂದ. ಏನು ಓದಿದೆಯೋ ತೋರಿಸು ಎಂದೆ. ಬ್ಯಾಗಿನಿಂದ ನೋಟ್‌ಬುಕ್ ತೆಗೆದ. ಥರ್ಮೋಡೈನಮಿಕ್ಸ್ ಚಾಪ್ಟರ್. ಎಷ್ಟು ಅಂದವಾಗಿತ್ತು ಗೊತ್ತಾ! ಪ್ರತಿ ತಲೆಬರಹಕ್ಕೂ ಸ್ಕೇಲ್ ಇಟ್ಟು ಎರಡೆರಡು ಗೆರೆ. ಫಾರ್ಮುಲಾಗಳಿಗೆ ಹಸಿರು, ವ್ಯಾಖ್ಯೆಗಳಿಗೆ ಕಿತ್ತಳೆ. ಕಾರ್ನೊ ಸೈಕಲ್ಲಿನ ಚಿತ್ರವನ್ನು ಮೂರು ಸಲ ಬರೆದಿದ್ದ, ಮೊದಲ ಎರಡರಲ್ಲಿ ಗೆರೆಯ ಬಾಗು ಸರಿ ಬಂದಿಲ್ಲ ಅಂತ. ಆ ಚಾಪ್ಟರಿನ ಒಂದೇ ಒಂದು ಲೆಕ್ಕ ಬಿಡಿಸಿರಲಿಲ್ಲ. ಇಡೀ ರಾತ್ರಿ ಹೋಗಿತ್ತು.

ಆ ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಚೆನ್ನಾಗಿ ಓದಿದೆ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತ್ತು. ಈ ಔಷಧಿಗಳು ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತವೆ. ಆಗ ಕೈಯಲ್ಲಿರುವ ಕೆಲಸ ಏನೇ ಇರಲಿ, ಅದೇ ಬಹಳ ಮುಖ್ಯ ಅನ್ನಿಸುತ್ತದೆ. ಯಾವುದು ಮುಖ್ಯ ಎಂದು ಆರಿಸುವ ಬುದ್ಧಿಯನ್ನು ಮಾತ್ರೆ ಕೊಡುವುದಿಲ್ಲ.

ಇದು ನನ್ನ ಅನಿಸಿಕೆ ಮಾತ್ರ ಎಂದುಕೊಳ್ಳಬೇಡಿ. 2013ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಾರ್ಥಾ ಫರಾ ಮತ್ತು ಅವರ ಜೊತೆಗಾರರು ಆರೋಗ್ಯವಂತ ಯುವಕ ಯುವತಿಯರಿಗೆ ಆಂಫೆಟಮಿನ್ ಕೊಟ್ಟು ನೆನಪು, ಗಮನ, ಬುದ್ಧಿಯ ಪರೀಕ್ಷೆಗಳನ್ನು ಮಾಡಿಸಿದರು. ಅಂಕಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಆದರೆ ಮಾತ್ರೆ ತೆಗೆದುಕೊಂಡವರಿಗೆ ‘ಇವತ್ತು ನಾನು ಚೆನ್ನಾಗಿ ಮಾಡಿದೆ’ ಎಂಬ ಭಾವನೆ ಮಾತ್ರ ಜಾಸ್ತಿಯಾಗಿತ್ತು.

2023ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಎಲಿಜಬೆತ್ ಬೋಮನ್ ಮತ್ತು ಸಂಗಡಿಗರು ಇನ್ನೂ ಕಷ್ಟದ ಪರೀಕ್ಷೆ ಇಟ್ಟರು. ಒಂದು ಚೀಲ, ಅದು ಇಂತಿಷ್ಟೇ ಭಾರ ತಡೆಯುತ್ತದೆ. ಮುಂದೆ ಹಲವು ವಸ್ತುಗಳು, ಒಂದೊಂದಕ್ಕೂ ಒಂದು ತೂಕ, ಒಂದು ಬೆಲೆ. ಭಾರ ಮೀರದಂತೆ ಹೆಚ್ಚು ಬೆಲೆಯ ಸಾಮಾನು ತುಂಬಬೇಕು. ಮೇಲ್ನೋಟಕ್ಕೆ ಸುಲಭ, ಮಾಡಲು ಕೂತರೆ ತಲೆ ಬಿಸಿಯಾಗುವ ಲೆಕ್ಕ. 40 ಜನರಿಗೆ ಬೇರೆ ಬೇರೆ ದಿನ ಮೀಥೈಲ್‌ಫೆನಿಡೇಟ್, ಮೊಡಾಫಿನಿಲ್, ಮತ್ತೆ ಆಂಫೆಟಮಿನ್ ಜಾತಿಯದೇ ಆದ ಡೆಕ್ಸಾಂಫೆಟಮಿನ್ ಕೊಟ್ಟರು. ಒಂದು ದಿನ ಔಷಧಿಯೇ ಇಲ್ಲದ ಮಾತ್ರೆ. ಯಾವ ದಿನ ಯಾವುದು ಎಂದು ಯಾರಿಗೂ ಹೇಳಲಿಲ್ಲ. ಔಷಧಿ ತೆಗೆದುಕೊಂಡ ದಿನ ಜನ ಜಾಸ್ತಿ ಹೊತ್ತು ಕೂತರು, ಜಾಸ್ತಿ ಸಲ ವಸ್ತುಗಳನ್ನು ಹಾಕಿ ತೆಗೆದು ಮಾಡಿದರು. ಫಲ ಮಾತ್ರ ಕಡಿಮೆಯಾಯಿತು. ಶ್ರಮ ಹೆಚ್ಚಿತು, ಶ್ರಮದ ಗುಣ ಇಳಿಯಿತು. ಅದರಲ್ಲೂ ಮಾತ್ರೆ ಇಲ್ಲದೆ ಸರಾಸರಿಗಿಂತ ಚೆನ್ನಾಗಿ ಮಾಡುತ್ತಿದ್ದವರು ಮಾತ್ರೆಯ ದಿನ ಸರಾಸರಿಗಿಂತ ಕೆಳಗೆ ಬೀಳುವುದು ಹೆಚ್ಚಾಗಿ ಕಂಡಿತು. ಇಲ್ಲಿ ಕೂತಿರುವ ಬುದ್ಧಿವಂತ ಮಕ್ಕಳು ಇದನ್ನು ಎರಡು ಸಲ ಕೇಳಿಸಿಕೊಳ್ಳಬೇಕು.

ಇನ್ನು ನಿದ್ದೆ. ಮೊಡಾಫಿನಿಲ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 12ರಿಂದ 15 ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದರೆ ಬೆಳಿಗ್ಗೆ ಒಂಬತ್ತಕ್ಕೂ ಅರ್ಧದಷ್ಟು ಒಳಗೇ ಇರುತ್ತದೆ. ಹಗಲು ಓದಿದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ಓದಲೆಂದು ನಿದ್ದೆ ಬಿಟ್ಟರೆ, ಓದಿದ್ದು ನಿಲ್ಲುವ ಹೊತ್ತನ್ನೇ ಬಿಟ್ಟಂತೆ. ಇದರ ಮೇಲೆ ಎದೆಬಡಿತ, ಬಿಪಿ ಏರುವುದು, ಊಟ ಸೇರದಿರುವುದು, ಸುಮ್ಮಸುಮ್ಮನೆ ಗಾಬರಿ. ಮೊಡಾಫಿನಿಲ್‌ನಿಂದ ಅಪರೂಪಕ್ಕೆ ಚರ್ಮ ಸುಲಿಯುವಂಥ ಗಂಭೀರ ಅಲರ್ಜಿ ಬರುತ್ತದೆ. ಗರ್ಭನಿರೋಧಕ ಮಾತ್ರೆಗಳ ಶಕ್ತಿಯನ್ನೂ ಅದು ತಗ್ಗಿಸುತ್ತದೆ. ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಬರುವ ಮಾತ್ರೆಯ ಜೊತೆ ಇದನ್ನೆಲ್ಲ ಯಾರೂ ಹೇಳುವುದಿಲ್ಲ.

ಇಲ್ಲಿಗೇ ಮಾತು ನಿಲ್ಲಿಸಬಹುದಿತ್ತು. ಕೆಲಸಕ್ಕೆ ಬರುವುದಿಲ್ಲ, ಅಪಾಯ ಇದೆ, ತಗೋಬೇಡಿ. ಆದರೆ ನಾಳೆ ಯಾರೋ ಒಬ್ಬರು ನಿಜವಾಗಿ ಕೆಲಸ ಮಾಡುವ, ಅಪಾಯವಿಲ್ಲದ ಮಾತ್ರೆ ಕಂಡುಹಿಡಿದರೆ? ಆಗ ಸರೀನಾ? ನನಗೆ ಈ ಪ್ರಶ್ನೆ ಮುಖ್ಯ. ಸರಿ ತಪ್ಪಿನ ವಿಚಾರ ಶುರುವಾಗುವುದು ಇಲ್ಲಿಂದ.

ಹೆಚ್ಚಿನವರು ತಕ್ಷಣ ಹೇಳುವುದು ಅದು ಮೋಸ ಅಂತ. ಆಟದಲ್ಲಿ ಹಾಗೇ ನೋಡುತ್ತಾರೆ. 2003ರ ವಿಶ್ವ ಅಥ್ಲೆಟಿಕ್ಸ್‌ನಲ್ಲಿ 100 ಮತ್ತು 200 ಮೀಟರ್ ಗೆದ್ದಿದ್ದ ಅಮೆರಿಕದ ಕೆಲ್ಲಿ ವೈಟ್ ಮೊಡಾಫಿನಿಲ್ ತೆಗೆದುಕೊಂಡಿದ್ದು ಪತ್ತೆಯಾಗಿ ಪದಕ ಕಳೆದುಕೊಂಡರು. ಓದಿನಲ್ಲೂ ಅಂಥ ನಿಯಮ ಬಂದಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 2011ರಲ್ಲಿ, ವೈದ್ಯರು ಬರೆದುಕೊಡದ ಔಷಧಿ ತೆಗೆದುಕೊಂಡು ಓದಿನಲ್ಲಿ ಮುಂದೆ ಹೋಗಲು ನೋಡುವುದನ್ನು ಪರೀಕ್ಷಾ ಮೋಸದ ಪಟ್ಟಿಗೆ ಸೇರಿಸಿತು.

ನನಗೆ ಈ ವಾದ ಅರ್ಧ ಮಾತ್ರ ಒಪ್ಪಿಗೆ. ಕಾಪಿ ಹೊಡೆದವನಿಗೆ ಉತ್ತರ ಗೊತ್ತಿರುವುದಿಲ್ಲ. ಮಾತ್ರೆ ನುಂಗಿದವನು ಓದಿಯೇ ಓದಿರುತ್ತಾನೆ. ಎಲ್ಲರಿಗೂ ಒಂದೇ ಅವಕಾಶ ಇರಬೇಕು ಎಂದರೆ, ಇವತ್ತು ಇದೆಯಾ? ಒಬ್ಬಳಿಗೆ ಎರಡು ವರ್ಷದ ಕೋಚಿಂಗ್, ಎಸಿ ರೂಮು, ಮನೆಗೆ ಬರುವ ಮೇಷ್ಟ್ರು. ಇನ್ನೊಬ್ಬಳು ಬೆಳಿಗ್ಗೆ ಹಸುವಿನ ಹಾಲು ಕರೆದು ಡೇರಿಗೆ ಹಾಕಿ, ಹಳ್ಳಿಯಿಂದ ಬಸ್ ಹತ್ತಿ ಸರ್ಕಾರಿ ಕಾಲೇಜಿಗೆ ಬರುವವಳು. ಇಬ್ಬರೂ ಬರೆಯುವುದು ಅದೇ ಸಿಇಟಿ. ಇಷ್ಟು ದೊಡ್ಡ ಅಂತರವನ್ನು ಒಪ್ಪಿಕೊಂಡು ಕೂತ ನಾವು ಒಂದು ಮಾತ್ರೆಯನ್ನು ಮಾತ್ರ ಮೋಸ ಎಂದರೆ ಮಕ್ಕಳು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ.

ಎದುರು ಪಕ್ಷದ ಮಾತನ್ನೂ ಹೇಳಿಬಿಡುತ್ತೇನೆ. 2008ರಲ್ಲಿ ಏಳು ಮಂದಿ ವಿದ್ವಾಂಸರು ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಬರವಣಿಗೆ, ಕಂಪ್ಯೂಟರ್, ಒಳ್ಳೆಯ ಶಿಕ್ಷಣ ಇವೆಲ್ಲ ಬುದ್ಧಿಗೆ ಬಲ ಕೊಡುವ ಸಾಧನಗಳೇ, ಸುರಕ್ಷಿತವಾದರೆ ಔಷಧಿಯನ್ನೂ ಹಾಗೇ ನೋಡಬಹುದು, ವಯಸ್ಕರಿಗೆ ಬಿಡಿ ಎಂಬುದು ಅವರ ವಾದ. ಆ ಏಳು ಜನರಲ್ಲಿ ಮಾರ್ಥಾ ಫರಾ ಕೂಡ ಒಬ್ಬರು. ಹೌದು, ಐದು ವರ್ಷದ ನಂತರ ಮಾತ್ರೆಯ ಲಾಭ ಹೆಚ್ಚಾಗಿ ಮನಸ್ಸಿನ ಭಾವನೆ ಎಂದು ತೋರಿಸಿದವರೂ ಅವರೇ. ಒಳ್ಳೆಯ ವಿಜ್ಞಾನಿ ಹೀಗಿರಬೇಕು. ಆ ಲೇಖನವೂ ಒಂದು ಎಚ್ಚರಿಕೆ ಕೊಟ್ಟಿತ್ತು: ಯಾರನ್ನೂ ಬಲವಂತ ಮಾಡಬಾರದು. ನನ್ನ ಪ್ರಕಾರ ಇಡೀ ವಿಚಾರದ ಗಂಟು ಅಲ್ಲೇ ಇದೆ, ಮತ್ತು ನಮ್ಮ ಪರೀಕ್ಷೆಗಳಲ್ಲಿ ಆ ಗಂಟು ಬಿಚ್ಚುವುದು ಸಾಧ್ಯವಿಲ್ಲ.

ದಸರಾ ಜಂಬೂಸವಾರಿ ನೋಡಲು ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತಿದ್ದೀರಲ್ಲ? ಎಲ್ಲರೂ ಕೂತಿದ್ದರೆ ಎಲ್ಲರಿಗೂ ಆನೆ ಕಾಣುತ್ತದೆ. ಮುಂದಿನ ಸಾಲಿನಲ್ಲಿ ಒಬ್ಬ ಸ್ಟೂಲ್ ಹಾಕಿ ಹತ್ತುತ್ತಾನೆ. ಹಿಂದಿನವನು ಹತ್ತಲೇಬೇಕು. ಅವನ ಹಿಂದಿನವನೂ. ಕೊನೆಗೆ ಎಲ್ಲರೂ ಸ್ಟೂಲ್ ಮೇಲೆ, ಯಾರಿಗೂ ಮೊದಲಿಗಿಂತ ಚೆನ್ನಾಗಿ ಕಾಣುವುದಿಲ್ಲ, ಕಾಲು ನೋವು ಮಾತ್ರ ಎಲ್ಲರಿಗೂ. ಸ್ಟೂಲ್ ತರಲು ದುಡ್ಡಿಲ್ಲದ ಅಜ್ಜಿಗೆ ಆನೆಯೇ ಕಾಣುವುದಿಲ್ಲ.

ರ‍್ಯಾಂಕಿನ ಪರೀಕ್ಷೆ ಹಾಗೆಯೇ. ನೀಟ್ 180 ಪ್ರಶ್ನೆ, 720 ಅಂಕ, ಬರೆಯುವವರು 20 ಲಕ್ಷಕ್ಕೂ ಜಾಸ್ತಿ. ಸರಿ ಉತ್ತರಕ್ಕೆ ನಾಲ್ಕು, ತಪ್ಪಿದರೆ ಒಂದು ಕಳೆಯುತ್ತಾರೆ. ನಡುವಿನ ಅಂಕಗಳಲ್ಲಿ ಒಂದೇ ಪ್ರಶ್ನೆಗೆ ಸಾವಿರಾರು ರ‍್ಯಾಂಕ್ ಏರುಪೇರು. ಎಲ್ಲರ ಅಂಕವೂ ಇಪ್ಪತ್ತು ಏರಿದರೆ ಸೀಟು ಒಂದೂ ಹೆಚ್ಚುವುದಿಲ್ಲ, ಕಟ್‌ಆಫ್ ಇಪ್ಪತ್ತು ಮೇಲೆ ಹೋಗುತ್ತದೆ ಅಷ್ಟೇ. ಹಾಗಿರುವಾಗ ‘ನನ್ನ ದೇಹ, ನನ್ನ ಇಷ್ಟ’ ಎಂದು ಒಬ್ಬ ನುಂಗಿದ ಮಾತ್ರೆ ಪಕ್ಕದ ರೂಮಿನವಳಿಗೆ ಒತ್ತಾಯವಾಗುತ್ತದೆ. ಬೇಡ ಎನ್ನುವ ಅವಳ ಸ್ವಾತಂತ್ರ್ಯಕ್ಕೆ ಈಗ ಬೆಲೆ ತೆರಬೇಕು. ಆ ಬೆಲೆ ಒಂದು ಸೀಟು. ಅಪಾಯವೇ ಇಲ್ಲದ ಮಾತ್ರೆ ಬಂದರೂ ಈ ಮಾತು ಬದಲಾಗುವುದಿಲ್ಲ. ಹಾಗಾಗಿಯೇ ನಾನು ಇದನ್ನು ತಪ್ಪು ಎನ್ನುತ್ತೇನೆ. ನಿಯಮ ಮುರಿದದ್ದಕ್ಕಿಂತ ದೊಡ್ಡ ತಪ್ಪು, ಒಬ್ಬರಿಗೆ ಇಷ್ಟವಿಲ್ಲದ್ದನ್ನು ಬಾಯಿಬಿಡದೆ ಅವರ ಮೇಲೆ ಹೇರುವುದು.

ಆದರೆ ಈ ತಪ್ಪಿನಲ್ಲಿ ಮಕ್ಕಳ ಪಾಲು ಎಷ್ಟು? ಬೆಳಿಗ್ಗೆ ಐದಕ್ಕೆ ಎಬ್ಬಿಸಿ ರಾತ್ರಿ ಹನ್ನೊಂದರವರೆಗೆ ಸ್ಟಡಿ ಅವರ್ ಎಂದು ಟೈಮ್‌ಟೇಬಲ್ ಹಾಕಿದ್ದು ಯಾರು? ಹದಿನೇಳು ವರ್ಷದ ದೇಹಕ್ಕೆ ಎಂಟು ಗಂಟೆ ನಿದ್ದೆ ಬೇಕು. ಆರು ಗಂಟೆಯೂ ಸಿಗದ ಲೆಕ್ಕವನ್ನು ಬರೆದು ಗೋಡೆಗೆ ಅಂಟಿಸುವವರು ದೊಡ್ಡವರು. ಭಾನುವಾರ ಟೆಸ್ಟ್ ಇಟ್ಟು ಸೋಮವಾರ ರ‍್ಯಾಂಕ್ ಪಟ್ಟಿಯನ್ನು ಅಪ್ಪಂದಿರ ವಾಟ್ಸಾಪಿಗೆ ಕಳಿಸುವವರು ದೊಡ್ಡವರು. ಆ ಪಟ್ಟಿ ನೋಡಿ ಅವತ್ತು ಸಂಜೆ ಮಗನಿಗೆ ಫೋನ್ ಮಾಡಿ, ಊಟ ಆಯ್ತಾ ಎಂದು ಕೇಳುವ ಮೊದಲು ‘ಯಾಕೆ ಇಳಿದೆ’ ಎಂದು ಕೇಳುವವರೂ ದೊಡ್ಡವರೇ. ಆ ಟೈಮ್‌ಟೇಬಲ್ ಮನುಷ್ಯನ ದೇಹಕ್ಕೆ ಆಗದು ಎಂದು ಗೊತ್ತಾದ ಮೇಲೆ ಹುಡುಗ ದೇಹವನ್ನೇ ಬದಲಿಸಲು ಹೊರಡುತ್ತಾನೆ. ನನಗೆ ಕೋಪ ಬರುವುದು ಆ ಹುಡುಗನ ಮೇಲಲ್ಲ.

ಇನ್ನೊಂದು ಗುಂಪಿನ ಮಕ್ಕಳ ಬಗ್ಗೆ ಹೇಳದೆ ಕೂತರೆ ಅನ್ಯಾಯವಾಗುತ್ತದೆ. ಎಡಿಎಚ್‌ಡಿ ಇರುವವರು. ಚಿಕ್ಕಂದಿನಲ್ಲಿ ಇವರನ್ನು ತುಂಟ, ಸೋಮಾರಿ, ತಲೆ ಇದೆ ಆದರೆ ಓದಲ್ಲ ಎಂದು ಬೈದಿರುತ್ತೇವೆ. ಒಂದು ಪುಟ ಓದುವಷ್ಟರಲ್ಲಿ ಮನಸ್ಸು ಹತ್ತು ಕಡೆ ಹೋಗಿರುತ್ತದೆ, ಬೇಕೆಂದು ಮಾಡುವುದಲ್ಲ. ಸರಿಯಾಗಿ ಪರೀಕ್ಷಿಸಿ ಮನೋವೈದ್ಯರು ಮೀಥೈಲ್‌ಫೆನಿಡೇಟ್ ಬರೆದುಕೊಟ್ಟರೆ ಅಂಥ ಎಷ್ಟೋ ಮಕ್ಕಳಿಗೆ ಮೊದಲ ಬಾರಿ ಪಾಠ ಕೇಳಲು ಆಗುತ್ತದೆ. ಕಣ್ಣು ಮಂಜಾದವರು ಕನ್ನಡಕ ಹಾಕಿದರೆ ಮೋಸ ಅನ್ನುತ್ತೇವಾ? ಇಲ್ಲಿಂದ ಹೋಗುವಾಗ ‘ಮಾತ್ರೆ ಎಲ್ಲ ಕೆಟ್ಟದ್ದು’ ಎಂದುಕೊಂಡು ಹೋಗಬೇಡಿ. ಮಗಳ ಚಿಕಿತ್ಸೆ ನಿಲ್ಲಿಸಬೇಡಿ. ಒಬ್ಬರು ತಮ್ಮ ಮಾತ್ರೆಯನ್ನು ಸ್ನೇಹಿತರಿಗೆ ಹಂಚಿದರೆ, ನಾಳೆ ನಿಜವಾಗಿ ಬೇಕಾದವರ ಮೇಲೂ ಎಲ್ಲರಿಗೂ ಅನುಮಾನ ಹುಟ್ಟುತ್ತದೆ. ಅದು ನನಗೆ ಬಹಳ ಬೇಜಾರಿನ ಸಂಗತಿ.

ನನ್ನ ಮಾತು ಇಷ್ಟು. ಆಮೇಲೆ ಕೇಳಿದ ಪ್ರಶ್ನೆಗಳು ಇವು.

ಒಬ್ಬ ಹುಡುಗಿ: ಮೇಡಂ, ಕಾಫಿನೂ ನಿದ್ದೆ ಬರದ ಹಾಗೆ ಮಾಡುತ್ತೆ. ಅದು ಸರಿ, ಇದು ತಪ್ಪು ಹೇಗೆ?

ಒಳ್ಳೆಯ ಪ್ರಶ್ನೆ. ಗೆರೆ ನೀವು ತಿಳಿದಷ್ಟು ದಪ್ಪವಾಗಿಲ್ಲ. ಆಟಗಾರರಿಗೂ ಒಂದು ಮಿತಿ ಮೀರಿದ ಕೆಫೀನ್ ನಿಷೇಧವಿತ್ತು, 2004ರಲ್ಲಿ ತೆಗೆದುಹಾಕಿದರು. ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ದಿನವಿಡೀ ಹೆಚ್ಚುತ್ತಾ ‘ಸಾಕು, ಮಲಗು’ ಎನ್ನುತ್ತದೆ. ಕೆಫೀನ್ ಆ ಮಾತು ಕೇಳಿಸದಂತೆ ತಡೆಯುತ್ತದೆ. ಆದರೂ ಕಾಫಿ ಎಲ್ಲರ ಮನೆಯಲ್ಲೂ ಇದೆ, ಬೆಲೆ ಎಲ್ಲರಿಗೂ ಎಟುಕುತ್ತದೆ, ಎಷ್ಟು ಕುಡಿದರೆ ಏನಾಗುತ್ತದೆ ಎಂದು ತಲೆತಲಾಂತರದಿಂದ ಗೊತ್ತಿದೆ, ಮುಚ್ಚಿಟ್ಟು ಕುಡಿಯಬೇಕಿಲ್ಲ. ಕುಡಿಯದವರಿಗೆ ಅದರಿಂದ ದೊಡ್ಡ ನಷ್ಟವಿಲ್ಲ. ಹಾಗೆಂದು ರಾತ್ರಿ ಒಂಬತ್ತಕ್ಕೆ ಸ್ಟ್ರಾಂಗ್ ಡಿಕಾಕ್ಷನ್ ಹಾಕಿ ಮಗನಿಗೆ ಕೊಡುವ ಅಮ್ಮಂದಿರಿಗೂ ನನ್ನ ಮಾತು ಅನ್ವಯಿಸುತ್ತದೆ. ಕೊಡಬೇಡಿ.

ಡಿಗ್ರಿ ಓದುವ ಹುಡುಗ: ಪಾಲ್ ಏರ್ಡೋಸ್ ಅಂಥ ದೊಡ್ಡ ಗಣಿತಜ್ಞರೇ ಆಂಫೆಟಮಿನ್ ತಗೊಳ್ತಿದ್ರಲ್ಲ?

ತೆಗೆದುಕೊಳ್ಳುತ್ತಿದ್ದರು. 1979ರಲ್ಲಿ ಗೆಳೆಯ ರಾನ್ ಗ್ರಹಾಂ 500 ಡಾಲರ್ ಪಂಥ ಕಟ್ಟಿದಾಗ ಒಂದು ತಿಂಗಳು ಬಿಟ್ಟು ತೋರಿಸಿದರು, ಆಮೇಲೆ ಗಣಿತ ಒಂದು ತಿಂಗಳು ಹಿಂದೆ ಬಿತ್ತು ಎಂದು ದೂರಿ ಮತ್ತೆ ಶುರು ಮಾಡಿದರು. ಈ ಕಥೆ ಹೇಳುವವರು ಒಂದು ಬಿಡುತ್ತಾರೆ. ಅವರು ಅದನ್ನು ಹಿಡಿದದ್ದು 1971ರಲ್ಲಿ ತಾಯಿ ತೀರಿಕೊಂಡ ಮೇಲೆ, ಸುಮಾರು ಅರವತ್ತರ ಹತ್ತಿರ. ಹೆಸರು ತಂದುಕೊಟ್ಟ ಎಷ್ಟೋ ಕೆಲಸಗಳನ್ನು ಅದಕ್ಕೆ ಬಹಳ ಮೊದಲೇ ಮಾಡಿದ್ದರು. ಮತ್ತೆ ಅವರು ಯಾರ ಸೀಟಿಗೂ ಪೈಪೋಟಿ ಮಾಡುತ್ತಿರಲಿಲ್ಲ. ಸಾಧ್ಯವಾದಷ್ಟು ಜನರನ್ನು ಸೇರಿಸಿಕೊಂಡು ಲೆಕ್ಕ ಬಿಡಿಸುತ್ತಿದ್ದರು.

ಹಿರಿಯ ರೈತರೊಬ್ಬರು: ನನ್ ಮಗ ಮೂರ್ ಗಂಟೆ ಗಂಟ ಓದ್ತಾನೆ ಕಣವ್ವ. ಮಾತ್ರೆ ತಗತಾನೋ ಇಲ್ವೋ ಎಂಗೆ ತಿಳ್ಕಳದು?

ಅಣ್ಣಾ, ರೂಮು ಜಾಲಾಡಬೇಡಿ. ಊಟ ಬಿಟ್ಟಿದ್ದಾನಾ, ತೂಕ ಇಳಿದಿದೆಯಾ, ಎರಡು ದಿನ ಎಚ್ಚರ ಇದ್ದು ಮೂರನೇ ದಿನ ಬಿದ್ದಂತೆ ಮಲಗುತ್ತಾನಾ, ಸಣ್ಣದಕ್ಕೂ ರೇಗುತ್ತಾನಾ ನೋಡಿ. ಆಮೇಲೆ ನೇರವಾಗಿ ಕೇಳಿ, ಆದರೆ ಬಯ್ಯಲು ಕೇಳಬೇಡಿ. ಮೊದಲು ನೀವೊಂದು ಮಾತು ಕೊಡಿ: ಈ ಸಲ ಸೀಟು ಸಿಗದಿದ್ದರೂ ಮನೆಯಲ್ಲಿ ನಿನ್ನ ಜಾಗ ಹಾಗೇ ಇರುತ್ತದೆ ಅಂತ. ಅದನ್ನು ಬಾಯಿಬಿಟ್ಟು ಹೇಳಬೇಕು, ಅವನಿಗೆ ಗೊತ್ತಿರುತ್ತದೆ ಎಂದುಕೊಳ್ಳಬೇಡಿ.

ಕೊನೆಯ ಪ್ರಶ್ನೆ ಚೀಟಿಯಲ್ಲಿ ಬಂತು, ಹೆಸರಿರಲಿಲ್ಲ: ಈಗಾಗಲೇ ತಗೊಳ್ತಾ ಇದ್ರೆ?

ಮೊದಲು, ಇನ್ನೊಬ್ಬರಿಗೆ ಕೊಡಬೇಡ. ಎರಡನೆಯದು, ಡಾಕ್ಟರ ಹತ್ತಿರ ಹೋಗು, ಏನು, ಎಷ್ಟು, ಎಷ್ಟು ದಿನದಿಂದ ಎಂದು ಮುಚ್ಚಿಡದೆ ಹೇಳು. ಬೈದು ಕಳಿಸುವುದು ಅವರ ಕೆಲಸವಲ್ಲ. ತುಂಬ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಬಿಟ್ಟಾಗ ವಿಪರೀತ ಸುಸ್ತು, ಬೇಜಾರು ಬರಬಹುದು, ಅದಕ್ಕೇ ಅವರ ಸಲಹೆಯಂತೆ ಬಿಡಬೇಕು. ಎದೆನೋವು ಬಂದರೆ, ಇಲ್ಲದ ದನಿ ಕೇಳಿಸಿದರೆ, ಮೈಮೇಲೆ ಬೊಬ್ಬೆ ಎದ್ದರೆ ಬೆಳಗಾಗಲಿ ಎಂದು ಕಾಯಬೇಡ, ಪಕ್ಕದಲ್ಲಿರುವವರನ್ನು ಎಬ್ಬಿಸಿ ನೇರ ಆಸ್ಪತ್ರೆಗೆ ಹೋಗು. ಯಾರಿಗೂ ಹೇಳಲು ಧೈರ್ಯ ಬರದಿದ್ದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಮೂರು ಗಂಟೆಗೂ ಎತ್ತುತ್ತಾರೆ.